ಕೇರ್ಲಿಯನ್‌ನಿಂದ ಚಂದ್ರವಳ್ಳಿಗೆ

ವೇಲ್ಸಿನ ಆಗ್ನೇಯ ಮೂಲೆಯಲ್ಲಿ ಒಂದು ಮಠ, ಒಂದು ಕೋಟೆ, ಒಂದು ರೋಮನ್ ದಂಡಿನ ಠಾಣ್ಯ, ಮೂರನ್ನೂ ಒಂದೇ ದಿನದಲ್ಲಿ ನೋಡಬಹುದು. ಸೋದರಳಿಯನ ಕಾರಿನಲ್ಲಿ ನಾವು ನೋಡಿದ್ದೂ ಹಾಗೆಯೇ.

ವೈ ನದಿಯ ದಂಡೆಯ ಟಿಂಟರ್ನ್ ಮಠ 1131ರಲ್ಲಿ ಸ್ಥಾಪನೆಯಾದದ್ದು. 1536ರಲ್ಲಿ ಎಂಟನೆಯ ಹೆನ್ರಿ ಅದನ್ನು ಮುಚ್ಚಿಸಿದ ಮೇಲೆ ಛಾವಣಿಯ ಸೀಸವನ್ನೂ ಕಿತ್ತುಕೊಂಡರು. ಉಳಿದ ಕೆಲಸವನ್ನು ಮಳೆ ಮಾಡಿತು. ಜಪ್ತಿಯ ಕ್ರಮ ನಮ್ಮಂಥ ಗುಮಾಸ್ತರಿಗೆ ಹೊಸದೇನಲ್ಲ!

1067ರಲ್ಲಿ ಆರಂಭವಾದ ಚೆಪ್‌ಸ್ಟೋ ಕೋಟೆಯ ದೊಡ್ಡ ಗೋಪುರದಲ್ಲಿ ಕೆಂಪು ಇಟ್ಟಿಗೆಯ ಪಟ್ಟಿಯೊಂದಿದೆ. ಅವು ಹಾಳುಬಿದ್ದ ರೋಮನ್ ಕಟ್ಟಡದಿಂದ ತಂದವು. ನಮ್ಮ ಕಡೆ ಕೋಟೆಯ ಕಲ್ಲು ದನದ ಕೊಟ್ಟಿಗೆ ಸೇರುವುದಿಲ್ಲವೆ, ಹಾಗೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕೇರ್ಲಿಯನ್. ರೋಮನ್ನರ ಎರಡನೆಯ ಅಗಸ್ಟಾ ದಂಡು ಬೀಡುಬಿಟ್ಟಿದ್ದ ಊರು. ಅಲ್ಲಿಯ ದುಂಡನೆಯ ಕ್ರೀಡಾಂಗಣ ಬಹುಕಾಲ ಬರೀ ಹುಲ್ಲಿನ ತಗ್ಗಾಗಿತ್ತು. 1926-27ರಲ್ಲಿ ಅದನ್ನು ಅಗೆಸಿದ ಹೊಣೆ ಬಹುಪಾಲು ಟೆಸ್ಸಾ ವೀಲರ್ ಎಂಬಾಕೆಯದು. ಹೆಸರು ಹೆಚ್ಚಾಗಿ ಬಂದದ್ದು ಪತಿ ಮಾರ್ಟಿಮರ್ ವೀಲರರಿಗೆ. ಆಕೆ 1936ರಲ್ಲಿ ತೀರಿಕೊಂಡರು. ಆತ 1944ರಲ್ಲಿ ನಮ್ಮ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದು, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದರು.

ಚಂದ್ರವಳ್ಳಿಯಲ್ಲಿ ರೋಮಿನ ಟಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ. ಕೇರ್ಲಿಯನ್ನಿನ ಸಿಪಾಯಿಗಳ ಸಂಬಳವೂ ಆ ಜಾತಿಯ ನಾಣ್ಯದಲ್ಲೇ. ಇದನ್ನು ಹೇಳಿದಾಗ ಅಳಿಯ, “ಚಂದ್ರವಳ್ಳಿ ಹೇಗಿದೆ ಮಾವ?” ಎಂದ. ಊರಿಗೆ ಹೋಗುವಾಗಲೆಲ್ಲ ಬಸ್ಸಿನಲ್ಲಿ ಚಿತ್ರದುರ್ಗ ದಾಟುವ ನಾವು ಅಲ್ಲಿ ಒಮ್ಮೆಯೂ ಇಳಿದಿರಲಿಲ್ಲ.