ಅಂಗಳದ ಪದ್ಮಿನಿ

ಮುಂಬಯಿಯ ಹಳಬರಿಗೆ ಪ್ರೀಮಿಯರ್ ಪದ್ಮಿನಿ ಮನೆಯವಳಿದ್ದಂತೆ. ನಮ್ಮಲ್ಲೂ 1974ರ ಕಾರೊಂದಿದೆ. ತುಕ್ಕು ತಿಂದ ತಳದ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡಿಸಿದೆವು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆವು. 1089 ಸಿ.ಸಿ. ಎಂಜಿನ್ ಮತ್ತೆ ಗುಟುರು ಹಾಕಿತು. ಆಗ ಮಕ್ಕಳ ಬೇಡಿಕೆ: "ಸ್ಟಿಯರಿಂಗ್ ಪಕ್ಕದ ಗೇರನ್ನು ಕೆಳಗಿಳಿಸೋಣ, ಹೊಸ ಎಂಜಿನ್ ಕೂರಿಸೋಣ."

ನಾವು ಅವರಿಗೆ ಈ ಕಾರಿನ ಕಥೆ ಹೇಳಿದೆವು. 1930ರ ದಶಕದಲ್ಲೇ ನಮ್ಮ ದೇಶದಲ್ಲಿ ಮೋಟಾರು ತಯಾರಾಗಬೇಕೆಂದು ಯೋಜನೆ ಹಾಕಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಪ್ರಯತ್ನಕ್ಕೆ ಬ್ರಿಟಿಷ್ ಸರಕಾರ ಅಡ್ಡ ಬಂದಿತು. ಅವರೊಡನೆ ಶ್ರಮಿಸಿದ್ದ ವಾಲಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಸ್ಥಾಪಿಸಿದರು. ಅದರ ಕುರ್ಲಾ ಕಾರ್ಖಾನೆಯಲ್ಲಿ ಹುಟ್ಟಿದವಳೇ ಪದ್ಮಿನಿ. ಊರಲ್ಲಿ ನೆಲೆ ಸಿಗದ ಕನಸು, ನಮ್ಮಂತೆಯೇ, ಮುಂಬಯಿಯಲ್ಲಿ ಬೇರೂರಿತು.

2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಇಲ್ಲಿನ ಬೀದಿಗಳಿಂದ ಮರೆಯಾದವು. 2021ರ ನಿಯಮದಂತೆ, ನೋಂದಣಿಯಾಗಿ 50 ವರ್ಷ ದಾಟಿ ಮೂಲ ರೂಪ ಉಳಿಸಿಕೊಂಡ ಕಾರಿಗೆ ಮಾತ್ರ ವಿಂಟೇಜ್ ಮಾನ್ಯತೆ. ಎಂಜಿನ್ ಬದಲಿಸಿದರೆ ಅದೂ ಕೈತಪ್ಪೀತು.

ಮಕ್ಕಳು ಒಪ್ಪಿದರು. ಹೊಸದಾಗಿ ಸೇರಿದ್ದು ಸೀಟ್ ಬೆಲ್ಟು ಮಾತ್ರ. ಗೇರು ಇದ್ದಲ್ಲೇ ಇದೆ. ಈಗ ಅದನ್ನು ಹಾಕುವುದನ್ನು ಅವರೇ ಕಲಿಯುತ್ತಿದ್ದಾರೆ.