ಎರೆಸೀಮೆಯ ಸೈಕಲ್ ಹಾದಿ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ, ಗೊರೇಬಾಳದಂಥ ಊರುಗಳ ಸುತ್ತಮುತ್ತ, ಸೈಕಲ್ ಸವಾರಿಯ ಚರಿತ್ರೆಯನ್ನು ಮಣ್ಣಿನಿಂದಲೇ ಆರಂಭಿಸಬೇಕಾಗುತ್ತದೆ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ಬಯಲಿನ ಎರೆಮಣ್ಣು ಮಳೆ ಬಿದ್ದೊಡನೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ತಿರುಗಗೊಡದಿರುವುದರಿಂದ, ಗಟ್ಟಿ ರಸ್ತೆಗಳು ಬರುವ ತನಕ ಸೈಕಲ್ ಇಲ್ಲಿ ಮಳೆಗಾಲಕ್ಕೆ ಒದಗದ ವಾಹನವಾಗಿತ್ತು.

1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಹರಿದು, ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ, ವಲಸೆ ಬಂದ ರೈತರ ‘ಕ್ಯಾಂಪು’ಗಳು ತಲೆಯೆತ್ತಿದಾಗ ಊರು ಮತ್ತು ಪೇಟೆಯ ನಡುವಿನ ಓಡಾಟ ಹೆಚ್ಚಿತು. ಅಂಬತ್ತೂರಿನ ಟಿಐ ಕಾರ್ಖಾನೆ (1949), ಸೋನಿಪತ್ತಿನ ಅಟ್ಲಾಸ್ (1951), ಲೂಧಿಯಾನದ ಹೀರೋ (1956) ದೇಶೀ ಸೈಕಲ್ಲುಗಳನ್ನು ಮಾರುಕಟ್ಟೆಗೆ ತಂದದ್ದೂ ಈ ಕಾಲದಲ್ಲಿಯೇ. ಆದರೂ ಸ್ವಂತ ಸೈಕಲ್ ಎಲ್ಲರ ಕೈಗೆಟುಕುವ ವಸ್ತುವಾಗಿರಲಿಲ್ಲವಾದ್ದರಿಂದ, ತಾಸಿನ ಲೆಕ್ಕದಲ್ಲಿ ಸೈಕಲ್ ಕೊಡುವ ಬಾಡಿಗೆ ಅಂಗಡಿಗಳೇ ಉತ್ತರ ಕರ್ನಾಟಕದ ಹಳ್ಳಿಗಳ ನಿಜವಾದ ಸೈಕಲ್ ಶಾಲೆಗಳಾದವು. ಸೀಟಿನ ಮೇಲೆ ಕುಳಿತರೆ ಪೆಡಲಿಗೆ ಕಾಲು ನಿಲುಕದ ಹುಡುಗರು ಚೌಕಟ್ಟಿನೊಳಗಿಂದ ಕಾಲು ತೂರಿಸಿ ‘ಒಳಪೆಡಲು’ ಹೊಡೆದು ಕಲಿತದ್ದು ಕೆಲಸದ ಪ್ರಯಾಣಕ್ಕಾಗಿ ಅಲ್ಲ, ಶುದ್ಧ ಸಂತೋಷಕ್ಕಾಗಿ. ಮನರಂಜನೆಯ ಸವಾರಿ ಇತ್ತೀಚಿನ ನಗರದ ಹವ್ಯಾಸವೆಂಬ ಮಾತನ್ನು ಒಪ್ಪುವುದು ಈ ಕಾರಣಕ್ಕೇ ಕಷ್ಟ.

ಪಂದ್ಯದ ಅಭಿರುಚಿ ಬೆಳೆದದ್ದು ಪಕ್ಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ. ಅಲ್ಲಿ ಜಾತ್ರೆಯ ನಿಮಿತ್ತ ಬಂಡಿ ಓಟದ ಜೊತೆಗೆ ಸೈಕಲ್ ಶರ್ಯತ್ತನ್ನೂ, ಅಂದರೆ ಬಹುಮಾನ ಕಟ್ಟಿದ ಓಟವನ್ನೂ ಏರ್ಪಡಿಸುವ ರೂಢಿಯಿದ್ದು, ಕ್ರೀಡಾ ಇಲಾಖೆಯ ವಸತಿ ನಿಲಯಗಳು ಅದಕ್ಕೆ ಶಿಸ್ತಿನ ತರಬೇತಿಯನ್ನು ಕೂಡಿಸಿದುದರಿಂದ, ರಾಜ್ಯದ ಸೈಕಲ್ ಪಟುಗಳಲ್ಲಿ ಬಹಳಷ್ಟು ಮಂದಿ ಈ ಭಾಗದ ರೈತ ಕುಟುಂಬಗಳಿಂದ ಬಂದರು. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ವಿಜಯಪುರದಲ್ಲಿ ನಡೆದುದು ಈ ಪರಂಪರೆಗೆ ಸಂದ ನ್ಯಾಯವಾದ ಗೌರವ. ಜಾತ್ರೆಯ ಓಟಗಳ ದಾಖಲೆಯನ್ನು ಮಾತ್ರ ಯಾರೂ ಜೋಪಾನ ಮಾಡದಿರುವುದು ದೊಡ್ಡ ನಷ್ಟ.

ಸ್ಪರ್ಧೆಯ ಹಂಗಿಲ್ಲದ ದೀರ್ಘ ಸವಾರಿಗೆ ಇತ್ತೀಚೆಗೆ ಬೇರೊಂದು ರೂಪವೂ ದೊರೆತಿದೆ: ಬೆಂಗಳೂರಿನ ಸವಾರರು 2008ರಲ್ಲಿ ಆರಂಭಿಸಿದ ಟೂರ್ ಆಫ್ ನೀಲಗಿರೀಸ್ ಒಂದಾದರೆ, 200 ಕಿ.ಮೀ.ಯನ್ನು ಹದಿಮೂರೂವರೆ ತಾಸಿನೊಳಗೆ ಮುಗಿಸಬೇಕಾದ, ಗೆಲುವು–ಸೋಲಿನ ಕ್ರಮಾಂಕವಿಲ್ಲದ ‘ಬ್ರೆವೆ’ ಎಂಬ ಫ್ರೆಂಚ್ ಮೂಲದ ಸವಾರಿ ಇನ್ನೊಂದು.

ಮತ್ತೆ ಎರೆಸೀಮೆಗೆ ಮರಳಿದರೆ, ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಏರುಗಳು ಕಡಿಮೆಯಾದರೂ, ಮುಂಗಾರಿನಲ್ಲಿ ಪಡುವಣದಿಂದ ಬೀಸುವ ಗಾಳಿ ಬಯಲಿನಲ್ಲಿ ತಡೆಯಿಲ್ಲದೆ ಬಂದು ಸವಾರನ ಎದೆಗೆ ನಾಟುತ್ತದೆ. ಮುಂದಿನವನ ಬೆನ್ನ ಮರೆಯಲ್ಲಿ ಸಾಗುವವನಿಗೆ ಶ್ರಮ ಗಣನೀಯವಾಗಿ ತಗ್ಗುವುದರಿಂದಲೇ ದೊಡ್ಡ ಓಟಗಳಲ್ಲಿ ಸವಾರರು ಗುಂಪು ಕಟ್ಟುತ್ತಾರೆ, ಸರದಿಯಂತೆ ಮುಂದೆ ಬರುತ್ತಾರೆ, ಒಬ್ಬಂಟಿಯಾಗಿ ಗುಂಪು ಬಿಟ್ಟು ಓಡಿದವನನ್ನು ಕೊನೆಯ ಕಿಲೋಮೀಟರುಗಳಲ್ಲಿ ಹಿಡಿಯುತ್ತಾರೆ. ಟೂರ್ ಡಿ ಫ್ರಾನ್ಸಿನ ಬಯಲು ಹಂತಗಳನ್ನು ಪರದೆಯ ಮೇಲೆ ನೋಡುವ ಅಭಿಮಾನಿ ಈ ಲೆಕ್ಕಾಚಾರವನ್ನು ಆಷಾಢದ ಒಂದು ಬೆಳಗ್ಗೆ ನಾಲ್ಕು ಜನರ ಸಾಲಿನಲ್ಲಿ ಮಸ್ಕಿಯತ್ತ ಹೊರಟರೆ ಸ್ವತಃ ಅರಿಯಬಹುದು. ಮರಳುವಾಗ ಅದೇ ಗಾಳಿ ಬೆನ್ನಿಗಿರುತ್ತದೆ.