ಸರದಿಗೆ ಕಟ್ಟಿದ ಬೆಲೆ

ಒಂದು ವಸ್ತುವಿನ ಮೇಲೆ ಬರೆದ ಬೆಲೆಗಿಂತ ಹೆಚ್ಚು ಹಣ ತೆತ್ತಾಗ ನಾವು ಕೊಳ್ಳುವುದಾದರೂ ಏನನ್ನು? ಪುಣೆ, ಮುಂಬಯಿಗಳಲ್ಲಿ ನೆಲೆಸಿದ ನಮ್ಮ ಹಿಂದಿನ ತಲೆಮಾರಿಗೆ ಇದರ ಉತ್ತರ ತಿಳಿದಿತ್ತು. ಆಕುರ್ಡಿಯ ಬಜಾಜ್ ಕಾರ್ಖಾನೆ 1972ರಲ್ಲಿ ಚೇತಕ್ ಸ್ಕೂಟರನ್ನು ಹೊರತಂದ ಕಾಲದಲ್ಲಿ, ಎಷ್ಟು ವಾಹನ ತಯಾರಾಗಬೇಕೆಂಬುದನ್ನು ಸರ್ಕಾರದ ಪರವಾನಗಿ ನಿರ್ಧರಿಸುತ್ತಿತ್ತು. ಹೆಸರು ನೋಂದಾಯಿಸಿ ಹತ್ತು ವರ್ಷ ಕಾದವರಿದ್ದರು. ಕಾಯಲಾರದವರು, ಸರದಿ ಬಂದವರಿಂದ ಹೆಚ್ಚಿನ ಬೆಲೆಗೆ ಕೊಳ್ಳುತ್ತಿದ್ದರು. ಆ 'ಪ್ರೀಮಿಯಂ' ಸ್ಕೂಟರಿನ ಬೆಲೆಯಾಗಿರಲಿಲ್ಲ. ಕಾಯುವಿಕೆಯಿಂದ ಪಾರಾಗುವ ಬೆಲೆಯಾಗಿತ್ತು.

ಅರ್ಧ ಶತಮಾನದ ಬಳಿಕ ಅಮೆರಿಕದ ವಿದ್ಯುತ್ ವಾಹನಗಳ ಪೇಟೆಯಲ್ಲಿ ಇದೇ ಕಥೆ ಮರುಕಳಿಸಿತು. ಅದರ ಅಂತ್ಯ ಮಾತ್ರ ಬೇರೆಯಾಯಿತು.

ಅಲ್ಲಿ 1958ರ ಕಾಯಿದೆಯಂತೆ ಪ್ರತಿ ಹೊಸ ಕಾರಿನ ಗಾಜಿನ ಮೇಲೆ ತಯಾರಕರು ಸೂಚಿಸಿದ ಬೆಲೆಯ ಚೀಟಿ ಇರಲೇಬೇಕು. ಕಾಯಿದೆಯನ್ನು ಮಂಡಿಸಿದ ಸೆನೆಟರ್ ಮನ್ರೋನಿಯವರ ಹೆಸರಿನಿಂದಲೇ ಆ ಚೀಟಿ ಪ್ರಸಿದ್ಧ. ಆದರೆ ಅದು ಸೂಚನೆ ಮಾತ್ರ. ಡೀಲರು ಸ್ವತಂತ್ರ ವ್ಯಾಪಾರಿಯಾದುದರಿಂದ ಕೊನೆಯ ಬೆಲೆ ಹೇಳುವವನು ಅವನೇ. 2021ರಲ್ಲಿ ಚಿಪ್ಪುಗಳ ಅಭಾವದಿಂದ ಕಾರ್ಖಾನೆಗಳು ಕುಂಟಿದವು. 2022ರ ಜೂನ್‌ನಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಚೀಟಿಯ ಬೆಲೆಯ ಮೇಲೆ ಸಾವಿರಾರು ಡಾಲರುಗಳನ್ನು ಸೇರಿಸಿ ಕೇಳುವುದು ರೂಢಿಯಾಯಿತು.

ಫೋರ್ಡ್ ಸಂಸ್ಥೆಯ ಎಫ್-150 ಲೈಟ್ನಿಂಗ್ ಇದಕ್ಕೆ ಒಳ್ಳೆಯ ನಿದರ್ಶನ. 2021ರ ಮೇ ತಿಂಗಳಲ್ಲಿ ಘೋಷಿಸಿದ ಆರಂಭಿಕ ಬೆಲೆ 39,974 ಡಾಲರ್. ಕೇವಲ 100 ಡಾಲರ್ ಕಟ್ಟಿ, ಬೇಡವೆಂದರೆ ಅದನ್ನೂ ಹಿಂಪಡೆಯುವ ಷರತ್ತಿನಲ್ಲಿ ಸುಮಾರು 2 ಲಕ್ಷ ಮಂದಿ ಹೆಸರು ಬರೆಸಿದರು. ಹೆಚ್ಚುವರಿ ಹಣ ಕೇಳುವ ಡೀಲರುಗಳಿಗೆ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಮುಂದೆ ತಾನೂ ಬೆಲೆಯನ್ನು ಹಲವು ಬಾರಿ ಏರಿಸಿ, 2023ರ ವೇಳೆಗೆ 59,974 ಡಾಲರಿಗೆ ತಂದಿತು. ವರ್ಷಕ್ಕೆ ಒಂದೂವರೆ ಲಕ್ಷ ವಾಹನ ತಯಾರಿಸುವ ಯೋಜನೆಯೂ ಸಿದ್ಧವಾಯಿತು.

ಅಷ್ಟರಲ್ಲಿ ಗಾಳಿ ತಿರುಗಿತ್ತು. ಬಡ್ಡಿಯ ದರ ಏರಿ ಸಾಲ ದುಬಾರಿಯಾಯಿತು. ಡೀಲರುಗಳಿಲ್ಲದೆ ತಾನೇ ಮಾರುವ ಟೆಸ್ಲಾ 2023ರ ಜನವರಿಯಲ್ಲಿ ಕೆಲವು ಮಾದರಿಗಳ ಬೆಲೆಯನ್ನು ಸುಮಾರು ಐದನೆಯ ಒಂದು ಭಾಗದಷ್ಟು ಇಳಿಸಿತು. ಜುಲೈನಲ್ಲಿ ಲೈಟ್ನಿಂಗ್ ಬೆಲೆಯೂ 49,995 ಡಾಲರಿಗೆ ಇಳಿಯಿತು. ಆ ವರ್ಷ ಅಲ್ಲಿ ಮಾರಾಟವಾದ ಲೈಟ್ನಿಂಗ್‌ಗಳು ಸುಮಾರು 24,000 ಮಾತ್ರ. ನವೆಂಬರಿನಲ್ಲಿ 3,000ಕ್ಕೂ ಹೆಚ್ಚು ಡೀಲರುಗಳು, ವಿದ್ಯುತ್ ಕಾರುಗಳು ಮಾರಾಟವಾಗದೆ ನಿಂತಿವೆಯೆಂದು ಅಧ್ಯಕ್ಷ ಬೈಡನ್ ಅವರಿಗೆ ಪತ್ರ ಬರೆದರು.

ನೂರು ಡಾಲರಿನ ಸರದಿಯಲ್ಲಿ ನಿಂತವರೆಲ್ಲ ಕೊಳ್ಳುವವರಾಗಿರಲಿಲ್ಲ. ಚೇತಕ್‌ನ ಸರದಿಯಲ್ಲಿ ಮದುವೆ, ನೌಕರಿ, ಮಕ್ಕಳ ಶಾಲೆಗಳ ನಿರೀಕ್ಷೆಯಿತ್ತು. ಇಲ್ಲಿ ಬಹುಪಾಲು ಕುತೂಹಲವಿತ್ತು. ಪರವಾನಗಿ ಪೂರೈಕೆಯನ್ನು ಕಟ್ಟಿಹಾಕಿದ್ದರಿಂದ ನಮ್ಮಲ್ಲಿ ಪ್ರೀಮಿಯಂ ಬಹುಕಾಲ ಬದುಕಿತು. ಸ್ಪರ್ಧಿಗಳಿಗೆ ದಾರಿ ತೆರೆದಿದ್ದ ಅಮೆರಿಕದಲ್ಲಿ ಎರಡೇ ವರ್ಷಗಳಲ್ಲಿ ಕರಗಿತು. ನಷ್ಟ ಹೊತ್ತವರು, ಬೆಲೆ ಶಿಖರದಲ್ಲಿದ್ದಾಗ ಸಾಲಮಾಡಿ ಕೊಂಡವರು. ಅವರ ಕಂತುಗಳು ಉಳಿದವು, ವಾಹನದ ಮೌಲ್ಯ ಇಳಿಯಿತು.

ಚೇತಕ್ ಎಂಬ ಹೆಸರು 2020ರಲ್ಲಿ ವಿದ್ಯುತ್ ಸ್ಕೂಟರಾಗಿ ಮರಳಿತು, ಮೊದಲಿಗೆ ಪುಣೆ ಮತ್ತು ಬೆಂಗಳೂರಿಗೆ. ಇಂದು ಅದಕ್ಕೆ ಪ್ರತಿಸ್ಪರ್ಧಿಗಳು ಅನೇಕರು. ಅಂದು ಅಪ್ಪಂದಿರು ಅಂಗಡಿಯವನ ಕೃಪೆಗಾಗಿ ಕಾದರು. ಇಂದು ಅವರ ಮಕ್ಕಳು ರಿಯಾಯಿತಿ ಎಷ್ಟೆಂದು ಕೇಳುತ್ತಾರೆ.